ಜಾಗದ ಏಜೆಂಟರ ಬ್ಲಾಗಿಗೆ ಎಂಥ ತಲೆಬರಹ? ಓದುಗರ ಪ್ರಶ್ನೆ, ನನ್ನ ಉತ್ತರ

ಹೋದ ಸಂಚಿಕೆಯಲ್ಲಿ ಒಂದು ಮಾತು ಬರೆದಿದ್ದೆ. ಸಣ್ಣ ಅಂಗಡಿ, ಹೋಂಸ್ಟೇ ನಡೆಸುವವರು ತಮ್ಮ ವೆಬ್‌ಸೈಟಿನಲ್ಲಿ ಆಗಾಗ ಏನಾದರೂ ಬರೆಯುತ್ತಿದ್ದರೆ ಒಳ್ಳೆಯದು ಅಂತ. ಹೋಂಸ್ಟೇಯವರು ಸುಮ್ಮನಿದ್ದಾರೆ. ಪತ್ರ ಬರೆದವರು ಒಬ್ಬರನ್ನು ಬಿಟ್ಟು ಎಲ್ಲ ಜಾಗದ ಏಜೆಂಟರು! ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲೆ ಶಿರಸಿ, ಸಿದ್ದಾಪುರದಿಂದಲೂ ಬಂದಿವೆ. ಬಹಳ ಜನರ ಅಳಲು ಒಂದೇ. ಬರೆಯುತ್ತೇವೆ, ಯಾರೂ ಓದುವುದಿಲ್ಲ, ತಲೆಬರಹ ಸರಿಯಿಲ್ಲವೇನೋ. ಪತ್ರಿಕೆಯ ಡೆಸ್ಕಿನಲ್ಲಿ ತಲೆಬರಹ ಬರೆದೇ ಅನ್ನ ತಿಂದವಳು ನಾನು. ಹಾಗಾಗಿ ಈ ಸಲದ ಅಂಕಣ ಪೂರ್ತಿ ಇದಕ್ಕೇ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದರಿಂದ ಊರು ಮಾತ್ರ ಹಾಕಿದ್ದೇನೆ.

ಪ್ರಶ್ನೆ: ಮೇಡಂ, ಕಾರವಾರದಲ್ಲಿ ಮನೆ, ಜಾಗ ಕೊಡಿಸುವ ಕೆಲಸ ನನ್ನದು. ಬ್ಲಾಗ್ ಬರೆಯಲು ಶುರು ಮಾಡಿ ವರ್ಷ ಕಳೆಯಿತು. ‘ನಿಮ್ಮ ಕನಸಿನ ಮನೆ ಈಗ ನನಸು’, ‘ಕಡಲ ತಡಿಯಲ್ಲಿ ನೆಮ್ಮದಿಯ ನೆಲೆ’, ‘ಹೂಡಿಕೆಗೆ ಸುವರ್ಣಾವಕಾಶ’ ಹೀಗೆ ಚಂದದ ತಲೆಬರಹವನ್ನೇ ಕೊಡುತ್ತೇನೆ. ವಾಟ್ಸಾಪಿನಲ್ಲಿ ಹಾಕಿದರೆ ಸ್ನೇಹಿತರು ಹೆಬ್ಬೆರಳು ತೋರಿಸುತ್ತಾರೆ. ಗೂಗಲ್‌ನಿಂದ ಮಾತ್ರ ಯಾರೂ ಬರುವುದಿಲ್ಲ. ಎಲ್ಲಿ ತಪ್ಪುತ್ತಿದೆ?
– ಕೋಡಿಬಾಗ, ಕಾರವಾರ

ಉತ್ತರ: ತಲೆಬರಹ ಚಂದವೇ ಇದೆ. ಆದರೆ ಅದನ್ನು ಹುಡುಕುವವರು ಯಾರು ಹೇಳಿ? ರಾತ್ರಿ ಊಟ ಮುಗಿಸಿ, ಮೊಬೈಲ್ ಹಿಡಿದು ‘ಕಡಲ ತಡಿಯಲ್ಲಿ ನೆಮ್ಮದಿಯ ನೆಲೆ’ ಎಂದು ಟೈಪ್ ಮಾಡುವ ಮನುಷ್ಯರನ್ನು ನಾನಂತೂ ಕಂಡಿಲ್ಲ. ಅವರು ಒತ್ತುವುದು ‘ಕಾರವಾರ ಬಾಡಿಗೆ ಮನೆ’, ‘ಕಾರವಾರ ಸೈಟ್ ರೇಟ್’, ‘ಕಾಜುಬಾಗ 2 ಬಿಎಚ್‌ಕೆ’. ನಿಮ್ಮ ಮೂರೂ ತಲೆಬರಹದಲ್ಲಿ ಊರಿನ ಹೆಸರೇ ಇಲ್ಲ. ‘ಕನಸಿನ ಮನೆ’ ಎಂದು ಮಂಡ್ಯದ ಏಜೆಂಟರೂ ಹಾಕಬಹುದು, ಹಾವೇರಿಯವರೂ ಹಾಕಬಹುದು. ನಿಮ್ಮದು ಕಾರವಾರದ್ದು ಅಂತ ಗೂಗಲ್‌ಗಾದರೂ ಹೇಗೆ ಗೊತ್ತಾಗಬೇಕು?

ನಿಮ್ಮೂರಿನ ಮೀನು ಪೇಟೆಯಲ್ಲಿ ಬುಟ್ಟಿ ಮುಂದಿಟ್ಟು ಕೂತವಳು ‘ಸಾಗರದ ಸಂಪತ್ತು ಬನ್ನಿ’ ಎಂದು ಕೂಗುವುದಿಲ್ಲ. ಬಂಗಡೆ, ಇಸ್ವಾಣ, ಇವತ್ತಿನದು, ಇಷ್ಟಕ್ಕೆ ಇಷ್ಟು. ಮುಗೀತು. ನಿಮ್ಮ ತಲೆಬರಹವೂ ಅಷ್ಟು ಹೇಳಿದರೆ ಸಾಕು. ಯಾವ ಊರು, ಊರಿನ ಯಾವ ಭಾಗ, ಮನೆಯೋ ಜಾಗವೋ ಬಾಡಿಗೆಯೋ, ಓದುವವರ ಯಾವ ಅನುಮಾನಕ್ಕೆ ಇಲ್ಲಿ ಉತ್ತರ ಇದೆ.

ಆ ಅನುಮಾನಗಳನ್ನು ಎಲ್ಲಿಂದ ತರುವುದು ಅಂತ ಯೋಚಿಸಬೇಡಿ. ಅವು ದಿನಾ ನಿಮ್ಮ ಫೋನಿಗೇ ಬರುತ್ತಿವೆ. ಮೇಜಿನ ಮೇಲೆ ಒಂದು ನೋಟ್‌ಬುಕ್ ಇಡಿ. ಕರೆ ಮಾಡಿದವರು ನಮಸ್ಕಾರ ಹೇಳಿದ ಮೇಲೆ ಮೊದಲು ಏನು ಕೇಳುತ್ತಾರೋ ಅದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ತಿದ್ದಲು ಹೋಗಬೇಡಿ. ಕೈಗಾಕ್ಕೆ ವರ್ಗವಾಗಿ ಬಂದವರು ‘ಮಲ್ಲಾಪುರದಲ್ಲಿ ಕ್ವಾರ್ಟರ್ಸ್ ಸಿಗುವವರೆಗೆ ಕಾರವಾರದಲ್ಲಿ ಮನೆ ಸಿಗ್ತದಾ?’ ಎನ್ನುತ್ತಾರೆ. ನೌಕಾನೆಲೆಯ ಕೆಲಸಕ್ಕೆ ಬಂದವರಿಗೆ ಅರಗಾಕ್ಕೆ ಹತ್ತಿರ ಬೇಕು, ಅಮದಳ್ಳಿಯಾದರೂ ಆದೀತು, ಮಕ್ಕಳ ಶಾಲೆ ದೂರ ಆಗಬಾರದು. ರೈಲಿನಲ್ಲಿ ಓಡಾಡುವವರು ಶಿರವಾಡ ಕೇಳುತ್ತಾರೆ, ಏಕೆಂದರೆ ಸ್ಟೇಷನ್ ಇರುವುದು ಪೇಟೆಯಲ್ಲಲ್ಲ, ಅಲ್ಲಿ. ಇವೆಲ್ಲ ಒಂದೊಂದು ತಲೆಬರಹ. ‘ಕೈಗಾ ನೌಕರರಿಗೆ ಕಾರವಾರದಲ್ಲಿ ಬಾಡಿಗೆ ಮನೆ: ಯಾವ ಏರಿಯಾ ಅನುಕೂಲ?’ ಎಂದು ಬರೆದು ನೋಡಿ. ಹುಡುಕುವವರು ಸಾವಿರಾರು ಜನ ಇರಲಿಕ್ಕಿಲ್ಲ. ಆದರೆ ಹುಡುಕಿದವರು ನಿಮಗೇ ಫೋನ್ ಮಾಡುತ್ತಾರೆ.

ಅಳತೆಯನ್ನೂ ಹಾಗೆಯೇ ಗಮನಿಸಿ. ಊರಿನವರು ಗುಂಟೆಯಲ್ಲಿ ಕೇಳುತ್ತಾರೆ. ಗೋವಾದಿಂದ ಫೋನ್ ಬಂದರೆ ಮಾತು ಚದರ ಮೀಟರಿನಲ್ಲಿ. ಬೆಂಗಳೂರಿನವರಿಗೆ 30-40 ಎಂದರೇ ಅರ್ಥ ಆಗುವುದು. ಒಂದು ಗುಂಟೆ 1,089 ಚದರ ಅಡಿ, ಅಂದರೆ ಸುಮಾರು 101 ಚದರ ಮೀಟರ್. 30-40 ಸೈಟ್ 1,200 ಚದರ ಅಡಿ, ಗುಂಟೆಗಿಂತ ಸ್ವಲ್ಪ ಜಾಸ್ತಿ. ಇಷ್ಟನ್ನೇ ಇಟ್ಟುಕೊಂಡು ‘ಕಾರವಾರದಲ್ಲಿ 1 ಗುಂಟೆ ಎಂದರೆ ಎಷ್ಟು ಚದರ ಅಡಿ, ಎಷ್ಟು ಚದರ ಮೀಟರ್?’ ಎಂದು ಒಂದು ಬರಹ ಮಾಡಿ. ಮೂರೂ ಕಡೆಯವರು ಒಂದೇ ಪುಟಕ್ಕೆ ಬರುತ್ತಾರೆ.

ಇನ್ನೊಂದು ಮಾತು. ‘ಕಾರವಾರ ರಿಯಲ್ ಎಸ್ಟೇಟ್’ ಎಂಬ ದೊಡ್ಡ ಮಾತಿಗೆ ಕಟ್ಟುಬೀಳಬೇಡಿ. ಅಲ್ಲಿ ದೇಶದ ದೊಡ್ಡ ದೊಡ್ಡ ಜಾಲತಾಣಗಳು ಮೊದಲೇ ಕೂತಿವೆ. ಅವುಗಳ ಜೊತೆ ಗುದ್ದಾಡಿ ನಿಮಗೇನೂ ಸಿಗುವುದಿಲ್ಲ. ಆದರೆ ಚೆಂಡಿಯಾ ಯಾವುದು, ತೋಡೂರು ಯಾವುದು, ಹಬ್ಬುವಾಡದಲ್ಲಿ ಮಳೆಗಾಲಕ್ಕೆ ಯಾವ ರಸ್ತೆ ಹೇಗಿರುತ್ತದೆ, ಇದು ಮುಂಬೈಯಲ್ಲಿ ಕೂತು ಪುಟ ಮಾಡುವವರಿಗೆ ಗೊತ್ತಿಲ್ಲ. ನಿಮಗೆ ಗೊತ್ತು. ಅದನ್ನೇ ತಲೆಬರಹಕ್ಕೆ ತನ್ನಿ.

ಪ್ರಶ್ನೆ: ಅಕ್ಕಾ, ನನ್ನದು ಶಿರಸಿ. ತಲೆಬರಹ ಕನ್ನಡದಲ್ಲಿ ಕೊಡಬೇಕಾ, ಇಂಗ್ಲಿಷಿನಲ್ಲಾ? ಇಂಗ್ಲಿಷ್ ಆದರೆ ನಮ್ಮೂರಿನ ಹೆಸರನ್ನು ಒಬ್ಬೊಬ್ಬರು ಒಂದೊಂದು ರೀತಿ ಬರೆಯುತ್ತಾರೆ. ಯಾವುದನ್ನು ಹಿಡಿಯಲಿ?
– ಮರಾಠಿಕೊಪ್ಪ, ಶಿರಸಿ

ಉತ್ತರ: ಮೊದಲು ಯಾರಿಗೆ ಬರೆಯುತ್ತಿದ್ದೀರಿ ಅನ್ನುವುದನ್ನು ತೀರ್ಮಾನ ಮಾಡಿ. ಬನವಾಸಿ ರಸ್ತೆಯಲ್ಲಿ ಪ್ಲಾಟ್ ಹುಡುಕುವ ಊರಿನ ಮೇಷ್ಟ್ರಿಗೋ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದು ಊರ ಕಡೆ ತೋಟ ಮಾಡಬೇಕು ಅನ್ನುವವರಿಗೋ? ಮೊದಲನೆಯವರು ಕನ್ನಡದಲ್ಲೇ ಹುಡುಕಬಹುದು, ಈಗ ಫೋನಿಗೆ ಬಾಯಲ್ಲೇ ಹೇಳುವವರೂ ಜಾಸ್ತಿ. ಎರಡನೆಯವರು ಕನ್ನಡದವರೇ ಆದರೂ ಬೆರಳು ಇಂಗ್ಲಿಷ್ ಕೀಬೋರ್ಡಿಗೇ ಹೋಗುತ್ತದೆ. ಇಬ್ಬರಿಗೂ ಬೇಕಾದರೆ ಎರಡು ಬರಹ ಮಾಡಿ. ಒಂದೇ ತಲೆಬರಹದಲ್ಲಿ ಅರ್ಧ ಕನ್ನಡ, ಅರ್ಧ ಇಂಗ್ಲಿಷ್ ತುರುಕಿದರೆ ಉದ್ದ ಆಗುತ್ತದೆ, ಫೋನಿನಲ್ಲಿ ಮುಕ್ಕಾಲು ಭಾಗ ಕಾಣುವುದೂ ಇಲ್ಲ. ಕನ್ನಡ ತಲೆಬರಹದಲ್ಲಿ ಅಂಕಿ ಮಾತ್ರ 5, 10 ಎಂದೇ ಇರಲಿ. ಕನ್ನಡ ಅಂಕಿ ಒತ್ತಿ ಹುಡುಕುವವರು ಅಪರೂಪ.

ಸ್ಪೆಲ್ಲಿಂಗ್ ತಲೆನೋವು ನಿಮ್ಮೂರಿಗೆ ಜಾಸ್ತಿ, ನಿಜ. ಮೊದಲ ಎಸ್ ಆದ ಮೇಲೆ ಎಚ್ ಹಾಕುವವರೂ ಇದ್ದಾರೆ, ಹಾಕದವರೂ ಇದ್ದಾರೆ. ಗೂಗಲ್ ಎರಡೂ ಒಂದೇ ಎಂದು ಬಹಳ ಸಲ ಅರ್ಥ ಮಾಡಿಕೊಳ್ಳುತ್ತದೆ. ತಲೆಬರಹದಲ್ಲಿ ಎಚ್ ಇಲ್ಲದ್ದನ್ನೇ ಇಡಿ, ಬರಹದ ಒಳಗೆ ಒಂದು ಕಡೆ ಇನ್ನೊಂದು ರೂಪವೂ ಸಹಜವಾಗಿ ಬರಲಿ. ಸಾಕು.

ಅದಕ್ಕಿಂತ ದೊಡ್ಡ ಗೊಂದಲ ಬೇರೆ ಇದೆ. ಜೈಪುರದಲ್ಲಿ ಸಿರಸಿ ರೋಡ್ ಅಂತ ಒಂದಿದೆ. ಅಲ್ಲಿ ಪ್ಲಾಟ್ ವ್ಯಾಪಾರ ಜೋರು. ಉತ್ತರ ಪ್ರದೇಶದಲ್ಲೂ ಸಿರಸಿ ಎಂಬ ಊರಿದೆ. ಬೆಂಗಳೂರಿನಲ್ಲಿ ಸಿರ್ಸಿ ಸರ್ಕಲ್ ಇದೆ. ಇಂಗ್ಲಿಷಿನಲ್ಲಿ ಬರೀ ‘ಸಿರಸಿ ಪ್ಲಾಟ್’ ಎಂದು ಹಾಕಿದರೆ ನೀವು ರಾಜಸ್ಥಾನದವರ ಸಾಲಿನಲ್ಲಿ ಹೋಗಿ ನಿಂತ ಹಾಗೆ. ‘ಶಿರಸಿ, ಉತ್ತರ ಕನ್ನಡ’ ಎಂದು ಸೇರಿಸಿ. ಇಲ್ಲವೇ ಒಳಗಿನ ಹೆಸರು ತನ್ನಿ: ಹುಲೇಕಲ್, ಇಸಳೂರು, ಚಿಪಗಿ, ಯಲ್ಲಾಪುರ ರಸ್ತೆ. ಜೈಪುರದಲ್ಲಿ ಹುಲೇಕಲ್ ಇಲ್ಲ!

ಇದು ಶಿರಸಿಯವರ ಪಾಡು ಮಾತ್ರ ಅಲ್ಲ. ಸಿದ್ದಾಪುರ ಕೊಡಗಿನಲ್ಲೂ ಇದೆ, ಕುಂದಾಪುರದ ಕಡೆಯೂ ಇದೆ. ಶಿರೂರು ಎಂದರೆ ಅಂಕೋಲಾದ್ದೋ ಬೈಂದೂರಿನದೋ? ಹೊನ್ನಾವರದ ಕಾಸರಕೋಡಿನಲ್ಲಿ ಬ್ಲೂ ಫ್ಲ್ಯಾಗ್ ಸಿಕ್ಕ ಕಡಲತೀರ ಇದೆ. ಆದರೂ ಹೆಸರು ಹಾಕಿದರೆ ಕೇರಳದ ಕಾಸರಗೋಡು ಎದ್ದು ಬರುತ್ತದೆ. ಈ ಊರುಗಳವರು ತಾಲೂಕನ್ನೋ ಜಿಲ್ಲೆಯನ್ನೋ ತಲೆಬರಹದಲ್ಲಿ ಬಿಡಲೇಬಾರದು.

ಪ್ರಶ್ನೆ: ತಲೆಬರಹದಲ್ಲಿ ಎಷ್ಟು ಅಕ್ಷರ ಇರಬೇಕು? 60 ಎನ್ನುತ್ತಾರೆ, ನಿಜವಾ?
– ಹೊನ್ನಾವರ

ಉತ್ತರ: 60 ಅನ್ನುವುದು ಇಂಗ್ಲಿಷಿನ ಅಂದಾಜು. ಗೂಗಲ್ ಅಕ್ಷರ ಎಣಿಸುವುದಿಲ್ಲ, ಜಾಗ ನೋಡುತ್ತದೆ. ಪರದೆಯ ಅಗಲಕ್ಕೆ ಹಿಡಿಸದಿದ್ದರೆ ಉಳಿದದ್ದನ್ನು ಕತ್ತರಿಸಿ ಚುಕ್ಕಿ ಹಾಕುತ್ತದೆ. ನಮ್ಮ ಅಕ್ಷರ ಅಗಲ, ಹಾಗಾಗಿ ಕನ್ನಡದಲ್ಲಿ ಅದಕ್ಕಿಂತ ಕಡಿಮೆ ಹಿಡಿಯುತ್ತದೆ. ಎಣಿಸುತ್ತ ಕೂರಬೇಡಿ. ಊರು ಮತ್ತು ವಿಷಯ ಮೊದಲ ನಾಲ್ಕೈದು ಪದದೊಳಗೆ ಬಂದುಬಿಡಲಿ. ನಿಮ್ಮ ಕಂಪನಿ ಹೆಸರು ಹಾಕಲೇಬೇಕೆಂದಿದ್ದರೆ ಕೊನೆಗೆ. ಅದು ಕತ್ತರಿಸಿ ಹೋದರೆ ಯಾರಿಗೂ ನಷ್ಟ ಇಲ್ಲ.

ಪ್ರಶ್ನೆ: ಮೇಡಂ, ‘ಸೀ ಟಚ್’, ‘ಬೀಚಿಗೆ 100 ಮೀಟರ್’ ಎಂದು ಹಾಕಿದರೆ ಜನ ಕ್ಲಿಕ್ ಮಾಡುತ್ತಾರೆ ಅಂತ ನನ್ನ ಅನುಭವ. ಆದರೆ ಫೋನ್ ಮಾಡಿದವರಲ್ಲಿ ಮುಂದೆ ಬರುವವರು ಕಡಿಮೆ. ಏನು ಮಾಡಲಿ?
– ಕುಮಟಾ

ಉತ್ತರ: ಕ್ಲಿಕ್ ಮಾಡುವವರು ಬೇರೆ, ಕೊಳ್ಳುವವರು ಬೇರೆ. ಫೋಟೋ ನೋಡಿ ಖುಷಿಪಡುವವರಿಗೆ ‘100 ಮೀಟರ್’ ಚಂದ. ದುಡ್ಡು ಕೈಯಲ್ಲಿಟ್ಟುಕೊಂಡು ಮನೆ ಕಟ್ಟಲು ಹೊರಟವರಿಗೆ ಅದೇ 100 ಮೀಟರ್ ಕಂಡರೆ ಎದೆ ಧಸಕ್ ಅನ್ನುತ್ತದೆ.

ಯಾಕೆ ಅಂತ ನಿಮಗೆ ಗೊತ್ತೇ ಇದೆ, ಓದುಗರಿಗಾಗಿ ಹೇಳುತ್ತೇನೆ. ಕರಾವಳಿ ನಿಯಂತ್ರಣ ವಲಯ, ಎಲ್ಲರ ಬಾಯಲ್ಲಿ ಸಿಆರ್‌ಝಡ್, ಸಮುದ್ರದ ಭರತದ ಗೆರೆಯಿಂದ ಭೂಮಿ ಕಡೆಗೆ 500 ಮೀಟರ್‌ವರೆಗೆ ಹರಡಿದೆ. 2019ರ ಅಧಿಸೂಚನೆ ಹಳ್ಳಿ ಭಾಗವನ್ನು ಎರಡು ಮಾಡಿತು. 2011ರ ಜನಗಣತಿ ಪ್ರಕಾರ ಒಂದು ಚದರ ಕಿಲೋಮೀಟರಿಗೆ 2,161ಕ್ಕಿಂತ ಜಾಸ್ತಿ ಜನ ಇರುವ ಕಡೆ ಮೊದಲ 50 ಮೀಟರ್, ಅದಕ್ಕಿಂತ ಕಡಿಮೆ ಇರುವ ಕಡೆ ಮೊದಲ 200 ಮೀಟರ್, ಹೊಸದಾಗಿ ಕಟ್ಟಲು ಸಾಮಾನ್ಯವಾಗಿ ಬಿಡುವುದಿಲ್ಲ. ನದಿಯ ಕಡೆಗೂ ಇದೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಎಲ್ಲದರಲ್ಲೂ ಭರತದ ನೀರು ಒಳಗೆ ಬರುತ್ತದಲ್ಲ, ಆ ದಡಕ್ಕೂ ನಿಯಮ ಅನ್ವಯ. ಯಾವ ಸರ್ವೆ ನಂಬರ್ ಎಲ್ಲಿ ಬೀಳುತ್ತದೆ ಅನ್ನುವುದನ್ನು ನಕ್ಷೆ ನೋಡಿಯೇ ಹೇಳಬೇಕು.

ಅಂದ ಮೇಲೆ ನಿಮ್ಮ ಹತ್ತಿರ ಇರುವ ಒಳ್ಳೆ ತಲೆಬರಹ ಯಾವುದು? ಆ ಭಯವೇ. ‘ಕುಮಟಾದಲ್ಲಿ ಸಮುದ್ರದ ಹತ್ತಿರ ಜಾಗ ಕೊಂಡರೆ ಮನೆ ಕಟ್ಟಬಹುದೇ? ಸಿಆರ್‌ಝಡ್ ಲೆಕ್ಕ ಇಲ್ಲಿದೆ’. ಇದನ್ನು ಓದಲು ಬಂದವರು ಆಗಲೇ ಜಾಗ ಹುಡುಕುತ್ತಿರುವವರು. ನೀವು ನಿಯಮ ಬಿಡಿಸಿ ಹೇಳಿದರೆ, ನಿಮ್ಮ ಹತ್ತಿರ ಇರುವ 600 ಮೀಟರ್ ದೂರದ ಜಾಗವನ್ನು ಅವರೇ ಕೇಳುತ್ತಾರೆ. ದೂರ ಅನ್ನುವುದು ಆಗ ಕೊರತೆ ಆಗುವುದಿಲ್ಲ.

ಕಾಯ್ದೆಯ ಮಾತೂ ಇದೆ. 2016ರ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯ 10ನೇ ಸೆಕ್ಷನ್ ಏಜೆಂಟರಿಗೆಂದೇ ಇರುವುದು. ಸುಳ್ಳು ಅಥವಾ ದಾರಿ ತಪ್ಪಿಸುವ ಮಾತನ್ನು ಬಾಯಲ್ಲಿ ಹೇಳಿದರೂ, ಬರೆದರೂ, ಚಿತ್ರದಲ್ಲಿ ತೋರಿಸಿದರೂ ಅದು ತಪ್ಪು ವ್ಯವಹಾರ. ಬ್ಲಾಗಿನ ತಲೆಬರಹವೂ ಬರೆದ ಮಾತೇ ಅಲ್ವಾ? 500 ಚದರ ಮೀಟರಿಗಿಂತ ದೊಡ್ಡ ಲೇಔಟ್ ಅಥವಾ 8ಕ್ಕಿಂತ ಜಾಸ್ತಿ ಫ್ಲ್ಯಾಟ್ ಇರುವ ಯೋಜನೆ ರೇರಾದಲ್ಲಿ ನೋಂದಣಿ ಆಗಿರಬೇಕು. ಅದನ್ನು ಮಾರಿಸಿ ಕೊಡುವ ನೀವೂ ನೋಂದಣಿ ಮಾಡಿಸಿರಬೇಕು. ನೋಂದಣಿ ಸಂಖ್ಯೆಯನ್ನು ತಲೆಬರಹದಲ್ಲಿ ಹಾಕಿ ಜಾಗ ತಿನ್ನಿಸಬೇಡಿ, ಬರಹದ ಮೊದಲ ಸಾಲುಗಳಲ್ಲೇ ಹಾಕಿ.

‘ಗೋಕರ್ಣದ ಹತ್ತಿರ’ ಅನ್ನುವುದಕ್ಕೂ ಒಂದು ಮಿತಿ ಬೇಕು. ಅಂಕೋಲಾದ ಜಾಗವನ್ನೂ ಗೋಕರ್ಣದ ಹತ್ತಿರ ಎಂದು ಹಾಕಿದ್ದನ್ನು ನೋಡಿದ್ದೇನೆ. ಹಾಗೆ ನೋಡಿದರೆ ಹುಬ್ಬಳ್ಳಿಯೂ ಹತ್ತಿರವೇ. ಕಿಲೋಮೀಟರ್ ಹಾಕಿ, ರಸ್ತೆಯ ಕಿಲೋಮೀಟರ್. ಹಕ್ಕಿ ಹಾರಿದ ಲೆಕ್ಕ ಬೇಡ. ನಮ್ಮ ಕಡೆ ನಡುವೆ ಒಂದು ನದಿ ಬಂದರೆ ಎದುರಿಗೆ ಕಾಣುವ ಊರಿಗೂ ಸುತ್ತು ಹೊಡೆದೇ ಹೋಗಬೇಕು.

ಪ್ರಶ್ನೆ: ನಾನು ಏಜೆಂಟ್ ಅಲ್ಲ, ಕೊಳ್ಳಲು ಹೊರಟವನು. ‘ಶಿರಸಿ ಹತ್ತಿರ 10 ಎಕರೆ ಅಡಿಕೆ ತೋಟ ಮಾರಾಟಕ್ಕೆ’ ಎಂಬ ಬರಹ ನೋಡಿ ಹೆಂಡತಿ, ಮಕ್ಕಳನ್ನು ಕಾರಿನಲ್ಲಿ ಹಾಕಿಕೊಂಡು ಬಂದೆ. ಹೋಗಿ ನೋಡಿದರೆ ತೋಟ 2 ಎಕರೆ, ಉಳಿದದ್ದೆಲ್ಲ ಬೆಟ್ಟ. ಕೇಳಿದರೆ ‘ಎಲ್ಲ ಸೇರಿ ಹತ್ತು ಆಗ್ತದಲ್ಲ ಸಾರ್’ ಎಂದರು. ಇಂಥವರಿಗೆ ನೀವಾದರೂ ಬುದ್ಧಿ ಹೇಳಿ.
– ಬೆಂಗಳೂರು

ಉತ್ತರ: ಏಜೆಂಟರೇ, ಈ ಪತ್ರವನ್ನು ಎರಡು ಸಲ ಓದಿ. ಬೆಂಗಳೂರಿನಿಂದ ಶಿರಸಿಗೆ ಬಂದು ಹೋಗುವ ಪೆಟ್ರೋಲ್, ಮಕ್ಕಳ ವಾಂತಿ, ಹೆಂಡತಿಯ ಮುಖ. ಇವರು ಇನ್ನು ಆ ಏಜೆಂಟರ ಫೋನ್ ಎತ್ತುತ್ತಾರಾ?

ಬೆಟ್ಟ ಎಂದರೆ ಏನು ಅಂತ ಹೊರಗಿನವರಿಗೆ ಗೊತ್ತಿರುವುದಿಲ್ಲ. ತೋಟಕ್ಕೆ ಸೊಪ್ಪು, ದರಕು (ಒಣಗಿದ ಎಲೆ) ತರಲು ಬ್ರಿಟಿಷರ ಕಾಲದಿಂದ ಬಿಟ್ಟುಕೊಟ್ಟ ಜಾಗ ಅದು. ಒಂದು ಎಕರೆ ಭಾಗಾಯತಕ್ಕೆ, ಅಂದರೆ ತೋಟಕ್ಕೆ, 9 ಎಕರೆವರೆಗೆ ಬೆಟ್ಟ ಎಂಬ ಲೆಕ್ಕ. ತೋಟದವರಿಗೆ ಅಲ್ಲಿ ಇರುವುದು ಸವಲತ್ತು, ಮಾಲಕತ್ವ ಅಲ್ಲ. ಅದನ್ನು ತೋಟದ ಎಕರೆಯ ಜೊತೆ ಕೂಡಿಸಿ ತಲೆಬರಹ ಮಾಡುವುದು ಶುದ್ಧ ಮೋಸ ಅಂತ ನನ್ನ ಅಭಿಪ್ರಾಯ. ಊರಿನವರಿಗೆ ಹೇಳುವಾಗ ಯಾರೂ ಹಾಗೆ ಕೂಡಿಸುವುದಿಲ್ಲ, ಗಮನಿಸಿ. ಹೊರಗಿನವರಿಗೆ ಮಾತ್ರ ಈ ಲೆಕ್ಕ!

ಆ ತಲೆಬರಹವನ್ನು ನಾನಾದರೆ ಹೀಗೆ ಬರೆಯುತ್ತಿದ್ದೆ: ‘ಶಿರಸಿ ಹುಲೇಕಲ್ ಕಡೆ 2 ಎಕರೆ ಅಡಿಕೆ ತೋಟ ಮಾರಾಟಕ್ಕೆ, ಬೆಟ್ಟ ಸಹಿತ’. ಹುಲೇಕಲ್ ಉದಾಹರಣೆಗೆ ಹೇಳಿದ್ದು. ಫೋನ್ ಕಡಿಮೆ ಬರುತ್ತದೆ, ಸರಿ. ಬಂದವರು 2 ಎಕರೆ ಬೇಕೆಂದೇ ಬಂದವರು.

ಅದರ ಪಕ್ಕದಲ್ಲೇ ಇನ್ನೊಂದು ಬರಹ ಹಾಕಿ. ‘ಶಿರಸಿಯಲ್ಲಿ ಅಡಿಕೆ ತೋಟ ಕೊಳ್ಳುವವರಿಗೆ: ಬೆಟ್ಟ ಎಂದರೇನು, ಅದು ನಿಮ್ಮ ಹೆಸರಿಗೆ ಬರುತ್ತದಾ?’ ಹೀಗೆ ಕೇಳುವವರಿಗೆ ಉತ್ತರ ಕೊಡಲು ನಿಮಗಿಂತ ಯೋಗ್ಯರು ಯಾರಿದ್ದಾರೆ? ಮತ್ತೂ ಒಂದು ಇದೆ: ‘ಕೃಷಿಕರಲ್ಲದವರು ಶಿರಸಿಯಲ್ಲಿ ತೋಟ ಕೊಳ್ಳಬಹುದೇ?’ 2020ರಲ್ಲಿ ಕರ್ನಾಟಕ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಸೆಕ್ಷನ್ ತೆಗೆದುಹಾಕಿದ ಮೇಲೆ ಕೊಳ್ಳಬಹುದು. ಆದರೂ ಈ ಅನುಮಾನ ಇನ್ನೂ ಹೋಗಿಲ್ಲ. ಪಹಣಿಯಲ್ಲಿ ಅಣ್ಣತಮ್ಮಂದಿರ ಜಂಟಿ ಹೆಸರಿದ್ದರೆ ಒಬ್ಬರಿಂದ ಕೊಳ್ಳಬಹುದಾ, 11ಇ ನಕ್ಷೆ (ಸರ್ವೆ ನಂಬರಿನ ಒಂದು ಭಾಗ ಮಾರುವಾಗ ಮಾಡಿಸುವ ಅಳತೆ ನಕ್ಷೆ) ಯಾಕೆ ಬೇಕು, ಇ-ಸ್ವತ್ತು (ಗ್ರಾಮ ಪಂಚಾಯಿತಿಯ ಆಸ್ತಿ ದಾಖಲೆ) ಇಲ್ಲದ ಮನೆ ನೋಂದಣಿ ಆಗುತ್ತದಾ. ಒಂದೊಂದು ಕಾಗದಕ್ಕೆ ಒಂದೊಂದು ತಲೆಬರಹ ಇದೆ. ನೀವು ಪ್ರತಿ ವ್ಯವಹಾರದಲ್ಲಿ ಬಾಯಿ ನೋಯುವಷ್ಟು ಹೇಳುವ ಮಾತೇ ಇದು.

ಬೆಂಗಳೂರಿನವರೇ, ಮುಂದಿನ ಸಲ ಹೊರಡುವ ಮುಂಚೆ ಸರ್ವೆ ನಂಬರ್ ಕೇಳಿ. ಪಹಣಿಯನ್ನು ಭೂಮಿ ವೆಬ್‌ಸೈಟಿನಲ್ಲಿ ಮನೆಯಲ್ಲೇ ಕೂತು ನೋಡಬಹುದು. ನಂಬರ್ ಕೊಡಲು ಹಿಂದೆ ಮುಂದೆ ನೋಡಿದರೆ ಕಾರು ಹೊರಗೆ ತೆಗೆಯಬೇಡಿ.

ಪ್ರಶ್ನೆ: ತಲೆಬರಹದಲ್ಲಿ ಇಸವಿ ಹಾಕಿದರೆ ಗೂಗಲ್‌ನಲ್ಲಿ ಮೇಲೆ ಬರುತ್ತದೆ ಅಂತಾರೆ. ಹಳೆ ಬರಹಕ್ಕೆ ಹೊಸ ಇಸವಿ ಹಾಕಬಹುದಾ? ಹಾಗೆಯೇ ‘ಟಾಪ್ 10’ ಅಂತ ಹಾಕುವುದು ಒಳ್ಳೆಯದಾ?
– ಅಂಕೋಲಾ

ಉತ್ತರ: ದರ, ಶುಲ್ಕ, ನಿಯಮದ ಬರಹಕ್ಕೆ ಇಸವಿ ಬೇಕು. ಓದುವವರೂ ಅದನ್ನೇ ನೋಡಿ ಒತ್ತುತ್ತಾರೆ. ಆದರೆ ಇಸವಿ ಬದಲಾಯಿಸುವ ಮುಂಚೆ ಒಳಗಿನದು ಬದಲಾಗಿರಬೇಕು. ಒಂದು ಉದಾಹರಣೆ ಕೊಡುತ್ತೇನೆ. ಕರ್ನಾಟಕದಲ್ಲಿ ಆಸ್ತಿ ನೋಂದಣಿ ಶುಲ್ಕ ಶೇ. 1 ಇದ್ದದ್ದು 2025ರ ಆಗಸ್ಟ್ 31ರಿಂದ ಶೇ. 2 ಆಯಿತು. ನಿಮ್ಮ ಹಳೆ ಬರಹದಲ್ಲಿ ಶೇ. 1 ಹಾಗೇ ಇದೆ, ತಲೆಬರಹದಲ್ಲಿ ಮಾತ್ರ ಹೊಸ ಇಸವಿ ಅಂತಿಟ್ಟುಕೊಳ್ಳಿ. 40 ಲಕ್ಷದ ಜಾಗ ಕೊಳ್ಳುವವರು ನಿಮ್ಮನ್ನು ನಂಬಿ 40 ಸಾವಿರ ತೆಗೆದಿಟ್ಟರೆ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ 80 ಸಾವಿರ ಕೇಳುತ್ತಾರೆ. ಆಗ ಅವರು ಬೈಯುವುದು ಸರ್ಕಾರವನ್ನಲ್ಲ.

‘ಟಾಪ್ 10’ ಬೇಡ. ಅಂಕೋಲಾದಲ್ಲಿ ಹತ್ತು ಲೇಔಟ್ ಹೋಲಿಸಿ ನೋಡಿ ಬರೆದಿದ್ದೀರಾ? ಬರೆದಿದ್ದರೆ ಹಾಕಿ. ಹಾಗೆಯೇ ‘ರೈಲು ಬರಲಿರುವ’, ‘ವಿಮಾನ ನಿಲ್ದಾಣ ಬರಲಿರುವ’ ಎಂಬ ಮಾತೂ ತಲೆಬರಹಕ್ಕೆ ಬೇಡ. ಹುಬ್ಬಳ್ಳಿ-ಅಂಕೋಲಾ ರೈಲು ಎಷ್ಟು ವರ್ಷದಿಂದ ಬರುತ್ತಲೇ ಇದೆ ಅಂತ ನಿಮ್ಮ ಊರಿನವರಿಗೆ ನಾನು ಹೇಳಬೇಕೇ?

ಪ್ರಶ್ನೆ: ನಾನು ಕೊಟ್ಟ ತಲೆಬರಹ ಒಂದು, ಗೂಗಲ್ ತೋರಿಸುವುದು ಇನ್ನೊಂದು. ಇದು ಹೇಗೆ? ಹಳೆ ಬರಹಗಳ ತಲೆಬರಹ ಈಗ ಬದಲಾಯಿಸಿದರೆ ತೊಂದರೆ ಇದೆಯಾ?
– ಭಟ್ಕಳ

ಉತ್ತರ: ಗೂಗಲ್‌ಗೆ ಆ ಅಧಿಕಾರ ಇದೆ. 2021ರ ಆಗಸ್ಟ್‌ನಿಂದ ಅದು ಪುಟದ ಒಳಗೆ ಕಾಣುವ ದೊಡ್ಡ ಅಕ್ಷರದ ಶೀರ್ಷಿಕೆಯನ್ನು ಎತ್ತಿಕೊಳ್ಳುವುದು ಜಾಸ್ತಿ ಆಗಿದೆ. ನೀವು ಕೊಟ್ಟದ್ದು ತೀರಾ ಉದ್ದ ಇದ್ದರೆ, ಎಲ್ಲ ಪುಟಕ್ಕೂ ಒಂದೇ ಇದ್ದರೆ, ‘ಭಟ್ಕಳ ಮನೆ ಭಟ್ಕಳ ಸೈಟ್ ಭಟ್ಕಳ ಜಾಗ’ ಎಂದು ಒಂದೇ ಹೆಸರು ಜಪ ಮಾಡಿದ್ದರೆ ಅದು ತನ್ನದೇ ಒಂದನ್ನು ಹಾಕುತ್ತದೆ. ಟೈಟಲ್ ಎಂಬ ಜಾಗದಲ್ಲಿ ಕೊಟ್ಟದ್ದೂ ಪುಟದ ಮೇಲೆ ಕಾಣುವುದೂ ಹೆಚ್ಚುಕಮ್ಮಿ ಒಂದೇ ಇರಲಿ. ಆಗ ಬದಲಾಯಿಸಲು ಅದಕ್ಕೆ ಕಾರಣ ಕಡಿಮೆ.

ಹಳೆಯದನ್ನು ಧಾರಾಳವಾಗಿ ಬದಲಾಯಿಸಿ. ಆದರೆ ಎಲ್ಲವನ್ನೂ ಒಂದೇ ಸಲ ಅಲ್ಲ. ಗೂಗಲ್ ಸರ್ಚ್ ಕನ್ಸೋಲ್ ಅಂತ ಪುಕ್ಕಟೆ ಸಿಗುತ್ತದೆ. ಯಾವ ಮಾತು ಹುಡುಕಿದಾಗ ನಿಮ್ಮ ಪುಟ ಎಷ್ಟು ಸಲ ಕಂಡಿತು, ಎಷ್ಟು ಜನ ಒತ್ತಿದರು ಎಂದು ತೋರಿಸುತ್ತದೆ, 16 ತಿಂಗಳ ಹಿಂದಿನವರೆಗೂ. ಬಹಳ ಸಲ ಕಂಡು, ಯಾರೂ ಒತ್ತದ ಪುಟ ಯಾವುದೋ ಅದರ ತಲೆಬರಹ ಮೊದಲು ತಿದ್ದಿ. ಅಲ್ಲಿರುವ ಹುಡುಕಾಟದ ಮಾತನ್ನೇ ಎತ್ತಿ ತಲೆಬರಹಕ್ಕೆ ಹಾಕಿದರೂ ನಡೆಯುತ್ತದೆ. ಕೆಲವು ವಾರ ಬಿಟ್ಟು ಮತ್ತೆ ನೋಡಿ.

ಪುಟದ ವಿಳಾಸ ಮಾತ್ರ ಮುಟ್ಟಬೇಡಿ. ತಲೆಬರಹ ಬದಲಾದರೂ ಲಿಂಕ್ ಹಳೆಯದೇ ಇರಲಿ. ಬದಲಾಯಿಸಲೇಬೇಕಾದರೆ ಹಳೆಯದರಿಂದ ಹೊಸದಕ್ಕೆ ರೀಡೈರೆಕ್ಟ್ ಹಾಕಿಸಿ, ಇಲ್ಲದಿದ್ದರೆ ವಾಟ್ಸಾಪಿನಲ್ಲಿ ಓಡಾಡುತ್ತಿರುವ ಹಳೆ ಲಿಂಕ್ ಎಲ್ಲ ಸತ್ತುಹೋಗುತ್ತದೆ. ಹೊಸ ಬರಹಕ್ಕೆ ವಿಳಾಸ ಇಂಗ್ಲಿಷ್ ಅಕ್ಷರದಲ್ಲೇ, ಚಿಕ್ಕದಾಗಿ ಕೊಡಿ. ಕನ್ನಡದಲ್ಲಿ ಕೊಟ್ಟರೆ ಕಾಪಿ ಮಾಡಿ ಕಳಿಸುವಾಗ ಶೇಕಡಾ ಚಿಹ್ನೆ, ಅಂಕಿ ಎಲ್ಲ ಸೇರಿ ಎರಡು ಮೊಳ ಉದ್ದ ಆಗುತ್ತದೆ. ಅದನ್ನು ನೋಡಿದವರು ವೈರಸ್ ಅಂತ ಹೆದರಿ ಒತ್ತುವುದೇ ಇಲ್ಲ.

ಪ್ರಶ್ನೆ: ಅಕ್ಕಾ, ಇಷ್ಟೆಲ್ಲ ಯಾಕೆ, ಚಾಟ್‌ಜಿಪಿಟಿ ಹತ್ತಿರ ಕೇಳಿದರೆ ಒಂದು ನಿಮಿಷಕ್ಕೆ ಹತ್ತು ತಲೆಬರಹ ಕೊಡುತ್ತದಲ್ಲ?
– ಸಿದ್ದಾಪುರ

ಉತ್ತರ: ಕೊಡುತ್ತದೆ. ನಾನೂ ಕೇಳಿ ನೋಡಿದೆ. ‘ಪ್ರಕೃತಿಯ ಮಡಿಲಲ್ಲಿ’ ಎಂದೇ ಶುರು ಮಾಡಿತು. ಬರೀ ‘ಸಿದ್ದಾಪುರ ರಿಯಲ್ ಎಸ್ಟೇಟ್’ ಎಂದು ಕೇಳಿದರೆ ಇನ್ನೇನು ಕೊಟ್ಟೀತು ಪಾಪ. ನಿಮ್ಮ ಫೋನಿಗೆ ಬಂದ ಪ್ರಶ್ನೆಗಳನ್ನು ಹಾಗೇ ಅದಕ್ಕೆ ಕೊಟ್ಟು, ಇದರಿಂದ ಚಿಕ್ಕ ತಲೆಬರಹ ಮಾಡು ಅನ್ನಿ. ಜಿಲ್ಲೆಯನ್ನೂ ಹೇಳಿ. ಇಲ್ಲದಿದ್ದರೆ ಕಾಫಿ ಎಸ್ಟೇಟ್ ಸೇರಿಸಿ ನಿಮ್ಮನ್ನು ಕೊಡಗಿಗೆ ಕಳಿಸುತ್ತದೆ. ಕೊಟ್ಟದ್ದರಲ್ಲಿ ಒಂದೆರಡು ಉಳಿದರೆ ಲಾಭವೇ. ‘ಜೋಗ ಜಲಪಾತದ ಪಕ್ಕದಲ್ಲೇ’ ಎಂದು ಬಂದದ್ದನ್ನು ಮಾತ್ರ ಹಾಗೇ ಹಾಕಬೇಡಿ, ಜಾಗದಿಂದ ಜೋಗಕ್ಕೆ ಬೈಕಿನಲ್ಲಿ ಒಮ್ಮೆ ಹೋಗಿ ಮೀಟರ್ ನೋಡಿಕೊಂಡು ಕಿಲೋಮೀಟರ್ ಹಾಕಿ.